ಆಚೆ ದಡದ ಯಂತ್ರ

ಹನುಮಾನ್ ಘಾಟಿನ ಕನ್ನಡ ಛತ್ರದಲ್ಲಿ ಭಾನುವಾರದ ಊಟಕ್ಕೆ ಹೊರಗಿನವರೂ ಬರುತ್ತಾರೆ. ವಿಶ್ವವಿದ್ಯಾಲಯದಲ್ಲಿ ಕೆಲಸಕ್ಕಿರುವವರು, ಓದುವವರು, ವಾರವಿಡೀ ರೊಟ್ಟಿ ತಿಂದು ಬೇಸತ್ತವರು, ಒಂದು ಹಿಡಿ ಸಾರನ್ನಕ್ಕಾಗಿ ಗಲ್ಲಿಗಳನ್ನು ದಾಟಿ ಬಂದು ಪಂಕ್ತಿಯಲ್ಲಿ ಕೂರುತ್ತಾರೆ. ಭಾದ್ರಪದ ಹುಟ್ಟಿದ ಮೇಲಿನ ಮೊದಲ ಭಾನುವಾರ ಲೋಕನಾಥಯ್ಯನವರ ಬಲಗಡೆಯ ಎಲೆಗೆ ಹೊಸಬಳೊಬ್ಬಳು ಬಂದು ಕುಳಿತಳು. ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಬಲಗೈಯಲ್ಲಿ ಅನ್ನ ಕಲೆಸುತ್ತಿದ್ದಳು, ಎಡಗೈಯಲ್ಲಿ ಫೋನು ಹಿಡಿದು ಅದರಲ್ಲೇನೋ ನೋಡುತ್ತಿದ್ದಳು. ಫೋನಿನಿಂದ ಗರಗರ ಎಂಬ ಸದ್ದು ಬರುತ್ತಿತ್ತು.

ಬಡಿಸುತ್ತಿದ್ದ ಶ್ರೀರಮಕ್ಕ ಸೌಟು ಹಿಡಿದು ನಿಂತಳು. "ಊಟದ ಹೊತ್ತಿಗಾದರೂ ಆ ಸಿನಿಮಾ ಆಚೆ ಇಡಬಾರದೇನಮ್ಮ?"

"ಸಿನಿಮಾ ಅಲ್ಲ ಅಕ್ಕಾ, ನನ್ನ ಹಣೆಬರಹ" ಎಂದಳು ಅವಳು.

"ಗಂಟಲು ಕಟ್ಟಿದೆ" ಎಂದರು ಲೋಕನಾಥಯ್ಯ.

ಪಂಕ್ತಿಯಲ್ಲಿದ್ದ ನಾಲ್ಕೈದು ಜನ ತಿರುಗಿ ನೋಡಿದರು. ಆರು ತಿಂಗಳಿಂದ ಆ ಮನುಷ್ಯ ಊಟದ ಹೊತ್ತಿನಲ್ಲಿ 'ಸಾಕು' ಎಂಬುದನ್ನು ಬಿಟ್ಟು ಬೇರೆ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

"ಯಾರಿಗೆ ತಾತ?" ಎಂದಳು ಹುಡುಗಿ.

"ನಿನ್ನ ಯಂತ್ರಕ್ಕೆ. ಮರ ಕಡಿಯೋ ಯಂತ್ರ ತಾನೆ ಅದು? ಅಲಗು ಚೆನ್ನಾಗಿದೆ, ಕಡೀತಾ ಇದೆ. ಕಡಿದ ಚಕ್ಕೆ ಹೊರಗೆ ಹೋಗ್ತಾ ಇಲ್ಲ. ಇನ್ನೊಂದು ನಿಮಿಷ ಬಿಟ್ಟರೆ ನಿಂತು ಹೋಗುತ್ತೆ ನೋಡು."

ಫೋನಿನ ಸದ್ದು ಮಂಕಾಯಿತು, ಕೊಂಚ ಒದ್ದಾಡಿತು, ನಿಂತಿತು. ಹುಡುಗಿ ಕಲೆಸುವುದನ್ನು ನಿಲ್ಲಿಸಿ ಅವರ ಮುಖ ನೋಡಿದಳು.

ಅವಳ ಹೆಸರು ಗಗನಾ. ಹಾಸನದ ಕಡೆಯವಳು, ವಿಶ್ವವಿದ್ಯಾಲಯದಲ್ಲಿ ಕೃಷಿ ಯಂತ್ರಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. ರಸ್ತೆಬದಿಯ ಮರಗಳನ್ನು ಸವರಿದಾಗ ಬೀಳುವ ಕೊಂಬೆಗಳನ್ನು ಸುಟ್ಟು ಹೊಗೆ ಎಬ್ಬಿಸುವ ಬದಲು ಚಕ್ಕೆ ಮಾಡಿ ಗಿಡಗಳ ಬುಡಕ್ಕೆ ಹರಡಬೇಕೆಂಬುದು ಅವಳ ಕೆಲಸ. ಅದಕ್ಕಾಗಿ ಒಂದು ಯಂತ್ರವನ್ನು ತಾನೇ ಯೋಚಿಸಿ ಮಾಡಿಸಿ, ಒಂದು ಸಸಿಗಳ ತೋಟದಲ್ಲಿ ಇರಿಸಿದ್ದಳು. ಒಣ ಕೊಂಬೆ ಕೊಟ್ಟರೆ ಹೇಗೋ ನಡೆಯುತ್ತಿತ್ತು. ಮಳೆಗಾಲದ ಹಸಿ ಬೇವಿನ ಕೊಂಬೆ ಎಲೆ ಸಮೇತ ಕೊಟ್ಟರೆ ಚಕ್ಕೆ ಹೊರಬೀಳುವ ಕೊಳವೆಯಲ್ಲಿ ಕಟ್ಟಿಕೊಂಡು ಕೂತುಬಿಡುತ್ತಿತ್ತು. ಮುಂದಿನ ವಾರದ ಬುಧವಾರ ನಾಲ್ಕು ಮಂದಿ ಬಂದು ಅದನ್ನು ಪರೀಕ್ಷೆ ಮಾಡುವವರಿದ್ದರು. ಅವರಿಗೆ ಹಸಿ ಕೊಂಬೆಯೇ ಬೇಕಂತೆ.

ಲೋಕನಾಥಯ್ಯನವರಿಗೆ ಎಪ್ಪತ್ತನಾಲ್ಕು. ತುಂಗಭದ್ರೆಯ ಕಡೆಯ ಒಂದು ಕಾಗದದ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಚಕ್ಕೆ ಯಂತ್ರದ ಮನೆಯಲ್ಲಿ ಕೆಲಸ ಮಾಡಿದವರು. ಆಳೆತ್ತರದ ಉಕ್ಕಿನ ತಟ್ಟೆ, ಅದರ ಮೈಗೆ ಅಲಗುಗಳು, ಬೆನ್ನಿಗೆ ರೆಕ್ಕೆಗಳು. ಅಲಗು ನೀಲಗಿರಿ ಮರದ ದಿಮ್ಮಿಯನ್ನು ಕ್ಷಣದಲ್ಲಿ ಚಕ್ಕೆ ಮಾಡಿದರೆ ರೆಕ್ಕೆ ಆ ಚಕ್ಕೆಯನ್ನು ಬೀಸಿ ಕೊಳವೆಯಲ್ಲಿ ಮೇಲಕ್ಕೆ ಎಸೆಯುತ್ತಿತ್ತು. ಆ ಕೊಳವೆಗೆ ಕಾರ್ಖಾನೆಯ ಜನ ಸೊಂಡಿಲು ಎನ್ನುತ್ತಿದ್ದರು. ಯಂತ್ರದ ಕಡೆಗಿದ್ದ ಎಡಗಿವಿ ನಿವೃತ್ತಿಗೆ ಮೊದಲೇ ಹೋಗಿತ್ತು. "ಬಲಗಿವಿ ಒಂದನ್ನ ವಿಶ್ವನಾಥನಿಗೆ ಅಂತ ಉಳಿಸಿಕೊಂಡಿದೀನಿ" ಎಂದು ಅವರು ಹೇಳುತ್ತಿದ್ದರು. ಕಾಶಿಯಲ್ಲಿ ಪ್ರಾಣ ಬಿಡುವವರ ಬಲಗಿವಿಯಲ್ಲಿ ವಿಶ್ವನಾಥ ತಾನೇ ಬಂದು ರಾಮನಾಮದ ತಾರಕ ಮಂತ್ರ ಹೇಳುತ್ತಾನಲ್ಲ, ಆ ಮಾತು. ಅವರ ಹೆಂಡತಿ ಕಾಮಾಕ್ಷಮ್ಮ ಬಿಡುತ್ತಿರಲಿಲ್ಲ. "ಅವನು ಬಂದು ಹೇಳೋ ಹೊತ್ತಿಗೆ ನೀವು 'ಏನಂದ್ರಿ? ಗಟ್ಟಿಯಾಗಿ ಹೇಳಿ' ಅಂತೀರಿ. ಅವನಿಗೆ ಬೇಜಾರಾಗಿ ಎದ್ದು ಹೋಗ್ತಾನೆ" ಎನ್ನುತ್ತಿದ್ದಳು. ಕಿವುಡಾದ ಎಡಗಿವಿಗೆ ಪ್ರತಿ ಶನಿವಾರ ಬೆಚ್ಚಗಿನ ಎಳ್ಳೆಣ್ಣೆ ಬಿಡುತ್ತಿದ್ದಳು. ಸತ್ತ ಕಿವಿಗೆ ಎಣ್ಣೆ ಯಾಕೆ ಎಂದರೆ, "ಸತ್ತಿದೆ ಅಂತ ನಿಮಗೆ ಯಾರು ಹೇಳಿದ್ದು, ಮಲಗಿದೆ" ಎನ್ನುವಳು.

"ಮೂರು ಪೊಟ್ಟಣ ತಗೊಂಡು ಬಾ" ಎಂದರು ಗಗನಾಗೆ. "ಸೊಂಡಿಲಿನ ಬಾಯಿಂದ ಹೊರಗೆ ಬಿದ್ದ ಚಕ್ಕೆ ಒಂದು. ಸೊಂಡಿಲಿನ ಬಾಗಿನಲ್ಲಿ ಕಟ್ಟಿಕೊಂಡಿದ್ದು ಒಂದು. ತಟ್ಟೆಯ ಕೆಳಗೆ, ತಳದಲ್ಲಿ ಉಳಿದದ್ದು ಒಂದು. ಬೆರೆಸಬೇಡ."

ಎರಡು ದಿನ ಬಿಟ್ಟು ಅವಳು ಮೂರು ಪೊಟ್ಟಣ ತಂದಳು. ಲೋಕನಾಥಯ್ಯ ತಮ್ಮ ಕೋಣೆಯ ಬಾಗಿಲಲ್ಲಿ ಬೆಳಕಿಗೆ ಕುಳಿತು ಮೂರು ಸ್ಟೀಲ್ ತಟ್ಟೆಗಳಲ್ಲಿ ಅವನ್ನು ಹರಡಿಕೊಂಡರು. ಒಂದೊಂದೇ ಚಕ್ಕೆಯನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ, ಅಂಚಿಗೆ ಹೆಬ್ಬೆರಳು ಸವರಿ, ಮೂಸಿ ಪಕ್ಕಕ್ಕಿಟ್ಟರು. ಛತ್ರದ ಪುರೋಹಿತರಾದ ಸುಧನ್ವಾಚಾರ್ಯರು ಮಡಿಬಟ್ಟೆ ಒಣಹಾಕಲು ಹೋಗುತ್ತ ನಿಂತು ನೋಡಿದರು.

"ಏನು ಲೋಕನಾಥಯ್ಯ, ಬೇಳೆ ಆರಿಸ್ತಾ ಇದೀರಾ?"

"ಹೌದು, ಹುಳಿಗೆ. ಸಂಜೆ ಬನ್ನಿ, ಬೇವಿನ ಹುಳಿ."

ಆಚಾರ್ಯರು ನಗುತ್ತ ಹೋದರು. ಲೋಕನಾಥಯ್ಯ ಒಂದು ಚಕ್ಕೆಯನ್ನು ಗಗನಾಳ ಅಂಗೈಯಲ್ಲಿಟ್ಟರು. "ಅಂಚು ನೋಡು. ಅಲಗು ಕಡಿದ ಅಂಚು ಹೀಗೆ ಜಜ್ಜಿರಬಾರದು. ಇದು ಒಂದೇ ಸುತ್ತಿಗೆ ಹೊರಗೆ ಬಿದ್ದಿಲ್ಲ. ಒಳಗೇ ಎರಡು ಸುತ್ತು, ಮೂರು ಸುತ್ತು ತಿರುಗಿದೆ. ತಿರುಗಿ ತಿರುಗಿ ನುಚ್ಚಾಗಿದೆ. ಆ ನುಚ್ಚು ಎಲೆಯ ರಸದ ಜೊತೆ ಸೇರಿ ಗೋಡೆಗೆ ಮೆತ್ತಿದೆ."

"ನಾನು ಇಂಜಿನ್ ವೇಗ ಜಾಸ್ತಿ ಮಾಡಿದೆ ತಾತ. ಜೋರಾಗಿ ಎಸೆಯಲಿ ಅಂತ."

"ಎಲ್ಲರೂ ಮೊದಲು ಅದನ್ನೇ ಮಾಡೋದು. ನುಚ್ಚು ಇನ್ನೂ ಜಾಸ್ತಿ ಆಯ್ತು, ಅಷ್ಟೆ. ರೆಕ್ಕೆಯ ತುದಿಗೂ ಹೊರಗಿನ ಕವಚಕ್ಕೂ ಎಷ್ಟು ಸಂದಿ ಬಿಟ್ಟಿದೀಯ?"

"ಒಂದು ಬೆರಳು."

"ತೆಂಗಿನ ಕರಟದ ದಪ್ಪಕ್ಕಿಂತ ಹೆಚ್ಚು ಇರಬಾರದು. ಚಕ್ಕೆ ಆ ಸಂದಿಯಲ್ಲಿ ನುಸುಳಿ ಹಿಂದಕ್ಕೆ ಬರ್ತಾ ಇದೆ."

ಗಗನಾ ಅದನ್ನೆಲ್ಲ ಬರೆದುಕೊಂಡಳು. ಎದ್ದು ನಿಂತು ಉತ್ಸಾಹದಿಂದ, "ನಾಳೆ ಬಂದು ಒಂದು ಸಲ ಕಣ್ಣಾರೆ ನೋಡಿಬಿಡಿ ತಾತ. ನಾನೇ ಗಾಡಿ ತರ್ತೀನಿ. ಎಷ್ಟು ದೂರ, ರಾಮನಗರ, ಅರ್ಧ ಗಂಟೆ" ಎಂದಳು.

ಲೋಕನಾಥಯ್ಯ ತಟ್ಟೆಯ ಚಕ್ಕೆಗಳನ್ನು ಮತ್ತೆ ಪೊಟ್ಟಣಕ್ಕೆ ತುಂಬತೊಡಗಿದರು. ಉತ್ತರ ಹೇಳಿದವಳು ಪಕ್ಕದ ಅಡುಗೆಮನೆಯ ಹೊಸ್ತಿಲಲ್ಲಿ ಸೊಪ್ಪು ಸೋಸುತ್ತಿದ್ದ ಶ್ರೀರಮಕ್ಕ. "ಅವರು ಬರೋದಿಲ್ಲಮ್ಮ. ರಾಮನಗರ ಗಂಗೆಯಾಚೆ."

ಆಮೇಲೆ ಗಗನಾಳನ್ನು ಗಲ್ಲಿಯ ತಿರುವಿನವರೆಗೆ ಕಳಿಸಲು ಹೋದ ಶ್ರೀರಮಕ್ಕ ಉಳಿದದ್ದನ್ನು ಹೇಳಿದಳು.

ಮಕ್ಕಳಿಲ್ಲದ ಗಂಡ ಹೆಂಡತಿ ಒಂಬತ್ತು ವರ್ಷದ ಕೆಳಗೆ ಕಾಶಿಗೆ ಬಂದು ಕ್ಷೇತ್ರ ಸಂನ್ಯಾಸ ತೆಗೆದುಕೊಂಡಿದ್ದರು. ಎಂದರೆ, ಉಸಿರಿರುವ ತನಕ ಕಾಶಿಯ ಎಲ್ಲೆ ದಾಟುವುದಿಲ್ಲ ಎಂದು ಗಂಗೆಯಲ್ಲಿ ನಿಂತು ಸಂಕಲ್ಪ ಮಾಡುವುದು. ದಾಟಿದರೆ ವ್ರತ ಮುರಿದಂತೆ. ಆಚೆ ದಡದಲ್ಲಿ ಸತ್ತರೆ ತಾರಕ ಮಂತ್ರ ಇಲ್ಲ, ಮತ್ತೆ ಹುಟ್ಟಬೇಕು. ಹೋದ ಶಿವರಾತ್ರಿಯ ಮಧ್ಯಾಹ್ನ ಕಾಮಾಕ್ಷಮ್ಮನಿಗೆ ಎದೆ ಹಿಡಿದುಕೊಂಡಿತು. ಈ ದಡದಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ. ಗಾಡಿಯಿರಲಿ, ಸೈಕಲ್ಲೂ ಗಲ್ಲಿ ದಾಟುವಂತಿರಲಿಲ್ಲ. ಮೋಟಾರು ದೋಣಿಯವನೊಬ್ಬ, ನೀರಿನ ಮೇಲೇ ರಾಮನಗರಕ್ಕೆ ಒಯ್ಯುತ್ತೇನೆ, ಅಲ್ಲಿ ಒಂದು ಸಣ್ಣ ಆಸ್ಪತ್ರೆಯಿದೆ ಎಂದ. ಬೇಡ, ಇಲ್ಲೇ ಬಿಡಿ ಎಂದಳು ಅವಳು. ಇವರ ಮನಸ್ಸು ಒಪ್ಪಲಿಲ್ಲ, ದೋಣಿಯಲ್ಲಿ ಮಲಗಿಸಿದರು. ತಾವೂ ಒಂದು ಕಾಲು ದೋಣಿಯೊಳಗೆ ಇಟ್ಟಿದ್ದರು. ಅವಳು ಕೈ ಎತ್ತಿ ತಡೆದಳು. "ನೀವು ಬರಬೇಡಿ. ಒಬ್ಬರಾದರೂ ಇಲ್ಲಿರಲಿ." ಅವರು ಕಾಲು ಹಿಂದಕ್ಕೆ ತೆಗೆದರು. ಜೊತೆಗೆ ಹೋದದ್ದು ಶ್ರೀರಮಕ್ಕ. ಸೂರ್ಯ ಮುಳುಗುವ ಹೊತ್ತಿಗೆ ಅದೇ ದೋಣಿಯಲ್ಲಿ ದೇಹ ಬಂತು. ಅವರು ಕಾಲು ಹಿಂದಕ್ಕಿಟ್ಟ ಅದೇ ಮೆಟ್ಟಿಲಿನ ಮೇಲೆ ಇನ್ನೂ ನಿಂತಿದ್ದರು.

"ಇವತ್ತಿಗೂ ಅಲ್ಲಿ ಏನಾಯಿತು ಅಂತ ನನ್ನ ಒಂದು ಮಾತು ಕೇಳಿಲ್ಲ" ಎಂದಳು ಶ್ರೀರಮಕ್ಕ. "ನಾನೂ ಹೇಳಿಲ್ಲ."

ಗಗನಾ ಮತ್ತೆ ಬರಲು ಹೇಳಲಿಲ್ಲ. ಆದರೆ ಪ್ರತಿ ಸಂಜೆ ಫೋನು ಮಾಡಿದಳು. ಲೋಕನಾಥಯ್ಯ ಬಲಗಿವಿಗೆ ಫೋನು ಒತ್ತಿಕೊಂಡು ಈ ದಡದಿಂದ ಆ ದಡದ ಯಂತ್ರವನ್ನು ರಿಪೇರಿ ಮಾಡಿಸಿದರು. ರೆಕ್ಕೆಗಳ ತುದಿಗೆ ಕಬ್ಬಿಣದ ಪಟ್ಟಿ ಕೊಟ್ಟು ಬೋಲ್ಟು ಹಾಕಿಸಿದರು. ಸೊಂಡಿಲಿನ ಬಾಗನ್ನು ಕತ್ತರಿಸಿ ಉದ್ದವಾಗಿ ಬೆಸುಗೆ ಹಾಕಿಸಿದರು. "ಮೊಣಕೈ ಮಡಿಸಿದ ಹಾಗೆ ಬಾಗಬಾರದು. ಆನೆ ಸೊಂಡಿಲು ಎತ್ತುತ್ತಲ್ಲ, ಹಾಗೆ ನಿಧಾನವಾಗಿ ಬಾಗಬೇಕು" ಎಂದರು. ಗಗನಾ ಕಳಿಸಿದ ನಕ್ಷೆ ನೋಡಿದರು. ಕವಚದ ಹಿಂದೆ ಗಾಳಿಗೆ ನಾಲ್ಕು ತೂತು ಬರೆದಿದ್ದಳು. ಸರಿಯಾಗಿದೆ ಎಂದರು. ಈ ನಾಲ್ಕೈದು ದಿನ ಛತ್ರದವರಿಗೆ ಅವರ ದನಿ ಕೇಳಿಸಿತು. ಫೋನು ಕೆಳಗಿಟ್ಟ ಮೇಲೆ ಮಾತ್ರ ಅವರು ಎಂದಿನಂತೆ ಘಾಟಿನ ಕಡೆ ಹೋಗಿ ಮೇಲಿನ ಮೆಟ್ಟಿಲಲ್ಲಿ ಕೂರುತ್ತಿದ್ದರು. ಕೆಳಗಿನ ಮೆಟ್ಟಿಲುಗಳೆಲ್ಲ ನೆರೆಯ ನೀರಿನಡಿ ಇದ್ದವು. ಅಂದು ನಿಂತಿದ್ದ ಮೆಟ್ಟಿಲೂ ಅದರಲ್ಲೇ ಎಲ್ಲೋ ಇತ್ತು.

ಸೋಮವಾರ ಪ್ರಯೋಗ. ಗಗನಾ ಫೋನನ್ನು ಯಂತ್ರದ ಹತ್ತಿರ ಹಿಡಿದಳು. ಮೊದಲು ಒಣ ಕೊಂಬೆ. ಸದ್ದು ಗಟ್ಟಿಯಾಗಿ, ಒಂದೇ ಸಮನಾಗಿ ಬಂತು. "ಎಸೀತಾ ಇದೆ ತಾತ! ಟ್ರಾಲಿಯ ಆ ತುದಿಗೆ ಬೀಳ್ತಾ ಇದೆ!" ಎಂದು ಅವಳು ಕೂಗಿದಳು. ಆಮೇಲೆ ಹಸಿ ಬೇವು. ಮೂರು ನಿಮಿಷ ಚೆನ್ನಾಗಿತ್ತು. ನಾಲ್ಕನೆಯ ನಿಮಿಷಕ್ಕೆ ಸದ್ದು ಮಂಕಾಯಿತು. ಆ ಮಂಕಿನ ನಡುವೆ ಟೊಕ್ ಟೊಕ್ ಎಂದು ಬೇರೆ ಒಂದು ಸದ್ದು ಕೇಳಿ ಲೋಕನಾಥಯ್ಯ ಎದ್ದು ನಿಂತರು.

"ಯಾರದು ಸೊಂಡಿಲಿಗೆ ಬಿದಿರು ಹಾಕ್ತಾ ಇರೋದು? ಯಂತ್ರ ಓಡ್ತಾ ಇದೆ! ತೆಗೆಯೋಕೆ ಹೇಳು!"

ಅದು ಯಂತ್ರ ನಡೆಸುವ ಸಂದೀಪ. ರಾಮನಗರದವನೇ, ಎರಡು ಮಕ್ಕಳ ತಂದೆ. ಕಟ್ಟಿಕೊಂಡಾಗಲೆಲ್ಲ ಯಂತ್ರ ನಿಲ್ಲಿಸಿದರೆ ಮತ್ತೆ ಚಾಲೂ ಮಾಡಲು ಹತ್ತು ನಿಮಿಷ ಬೇಕು. ಅದಕ್ಕೆ ಅವನು ಓಡುತ್ತಿರುವಾಗಲೇ ಬಿದಿರಿನಿಂದ ತಿವಿಯುತ್ತಿದ್ದ. ಅವನ ನಗು ಫೋನಿನಲ್ಲಿ ಕೇಳಿಸಿತು. "ಕುಛ್ ನಾ ಹೋಈ ಬಾಬಾ, ರೋಜ್ ಕಾ ಕಾಮ್ ಹೈ!"

ಏನೂ ಆಗುವುದಿಲ್ಲ, ದಿನಾ ಮಾಡುವ ಕೆಲಸ. ದಾನಯ್ಯನೂ ಹೀಗೆಯೇ ಹೇಳಿದ್ದ. ದಾನಯ್ಯ ಕಾರ್ಖಾನೆಯಲ್ಲಿ ಅವರ ಜೊತೆಯವನು. ಮಧ್ಯಾಹ್ನದ ಬುತ್ತಿ ಇಬ್ಬರೂ ಹಂಚಿಕೊಳ್ಳುತ್ತಿದ್ದರು. ಒಂದು ದಿನ ಅವನು ಸೊಂಡಿಲಿಗೆ ಕೋಲು ಹಾಕಿದ. ಕೋಲನ್ನು ರೆಕ್ಕೆ ಎಳೆದುಕೊಂಡಿತು, ಅವನು ಕೋಲು ಬಿಡಲಿಲ್ಲ. ಮೊಣಕೈಯಿಂದ ಕೆಳಗೆ ಏನೂ ಉಳಿಯಲಿಲ್ಲ. ಆಸ್ಪತ್ರೆಯಲ್ಲಿ ಅವನು ಅತ್ತದ್ದು ನೋವಿಗಲ್ಲ, ಎಡಗೈಯಲ್ಲಿ ಉಣ್ಣಬೇಕಲ್ಲ ಎಂದು.

ಫೋನಿನಲ್ಲಿ ಫಟ್ ಎಂದು ಸದ್ದಾಯಿತು. ಯಾರೋ ಕೂಗಿದರು. ಯಂತ್ರ ನಿಂತಿತು.

"ಏನಾಯ್ತು? ಗಗನಾ! ಏನಾಯ್ತು?"

"ಬಿದಿರು ತಿರುಗಿ ಹೊಡೀತು ತಾತ. ಭುಜಕ್ಕೆ. ಊದಿಕೊಂಡಿದೆ... ಕೈ ಆಡಿಸ್ತಾ ಇದಾನೆ, ಮುರಿದಿಲ್ಲ." ಅವಳು ಫೋನನ್ನು ಯಂತ್ರದಿಂದ ದೂರ ಒಯ್ದಳು. "ನಾನು ಇನ್ನು ಇವತ್ತು ಯಂತ್ರ ಓಡಿಸೋದಿಲ್ಲ. ಆದರೆ ನಾನು ಇಲ್ಲದಾಗ ಇವನು ಬಿದಿರು ಹಾಕ್ತಾನೆ. ಹೇಳಿದರೆ ನಗ್ತಾನೆ."

"ಗಾಳಿ ಇಲ್ಲ" ಎಂದರು ಲೋಕನಾಥಯ್ಯ. "ಯಂತ್ರಕ್ಕೆ ಉಸಿರು ಬರ್ತಾ ಇಲ್ಲ. ಎಲ್ಲಿಂದಲೋ... ನಂಗೆ ಇಲ್ಲಿಂದ ತಿಳೀತಾ ಇಲ್ಲಮ್ಮ."

"ನೀವು ಹೇಳಿದಷ್ಟೇ ಸಾಕು ತಾತ. ಅದೇ ಎಷ್ಟೋ ಆಯ್ತು" ಎಂದು ಅವಳು ಫೋನಿಟ್ಟಳು.

ಮಂಗಳವಾರ ಬೆಳಿಗ್ಗೆ ಅವರು ಸಂಧ್ಯೆಗೆ ಕುಳಿತರು. ಆಚಮನಕ್ಕೆ ತೆಗೆದುಕೊಂಡ ನೀರು ಕೈಯಲ್ಲೇ ಉಳಿಯಿತು. ಒಂದು ಭುಜ ಊದಿದೆ, ನಾಳೆ ಕೈ ಹೋಗುತ್ತದೆ. ನಡುವೆ ಇರುವುದು ಅರ್ಧ ಗಂಟೆಯ ದಾರಿ. ದಾಟಿಬಿಡಬಹುದು. ಆದರೆ ಇಂದು ಒಂದು ಯಂತ್ರಕ್ಕಾಗಿ, ಮುಖ ನೋಡದ ಒಬ್ಬ ಮನುಷ್ಯನಿಗಾಗಿ ದಾಟಿದರೆ, ಅಂದು ದಾಟದೆ ನಿಂತದ್ದು ಯಾಕೆ? ಆರು ತಿಂಗಳಿಂದ ಅವರನ್ನು ನೆಟ್ಟಗೆ ನಿಲ್ಲಿಸಿದ್ದು ಒಂದೇ ಮಾತು, ದಾಟುವಂತಿರಲಿಲ್ಲ ಎಂಬುದು. ಅದನ್ನೂ ತೆಗೆದರೆ ಉಳಿಯುವುದೇನು?

ಅವರು ಎದ್ದು ಸುಧನ್ವಾಚಾರ್ಯರ ಕೋಣೆಗೆ ಹೋದರು. ಆಚಾರ್ಯರು ಪಂಚಾಂಗ ಮುಚ್ಚಿಟ್ಟು ಎಲ್ಲವನ್ನೂ ಕೇಳಿಸಿಕೊಂಡರು.

"ಒಬ್ಬನ ಅಂಗ, ಪ್ರಾಣ ಉಳಿಸೋ ಕೆಲಸ ಅಂದರೆ ಹೋಗಬಹುದು" ಎಂದರು. "ಹೋಗಿ, ಅಲ್ಲಿ ರಾತ್ರಿ ಉಳಿಯದೆ, ಅಲ್ಲಿ ಉಣ್ಣದೆ ತಿರುಗಿ ಬನ್ನಿ. ಪ್ರಾಯಶ್ಚಿತ್ತ ಮಾಡಿ ಮತ್ತೆ ಸಂಕಲ್ಪ ಮಾಡಿಸ್ತೀನಿ. ಅದಕ್ಕೆ ದಾರಿ ಇದೆ."

ಲೋಕನಾಥಯ್ಯ ಏಳಲು ಹೋಗಿ ಮತ್ತೆ ಕುಳಿತರು. ಆಮೇಲೆ ಕೇಳಿದರು. "ಆವತ್ತೂ ಇತ್ತೇ?"

ಯಾವತ್ತು ಎಂದು ಆಚಾರ್ಯರು ಕೇಳಲಿಲ್ಲ. ಪಂಚಾಂಗದ ಅಂಚನ್ನು ಸರಿಮಾಡಿದರು. ಸುಳ್ಳು ಹೇಳಬಹುದಿತ್ತು, ಅವರು ಅಂಥವರಲ್ಲ.

"ಇತ್ತು" ಎಂದರು. "ನಾನು ಆವತ್ತು ಮೇಲಿನ ಜಗಲಿಯಲ್ಲೇ ಇದ್ದೆ. ನೀವು ಕೇಳಲಿಲ್ಲ, ಲೋಕನಾಥಯ್ಯ. ಕೇಳದೆ ಹೇಳೋಕೆ ನನಗೂ ಬಾಯಿ ಬರಲಿಲ್ಲ. ಅದು ನನ್ನ ತಪ್ಪು."

ಲೋಕನಾಥಯ್ಯ ನಮಸ್ಕಾರ ಮಾಡಿ ಹೊರಗೆ ಬಂದರು. ಗೋಡೆ ಹಿಡಿದು ಮೆಟ್ಟಿಲಿಳಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತು, "ಶ್ರೀರಮಕ್ಕಾ, ಒಂದು ರಿಕ್ಷಾ ಕರೆಸು. ನೀನೂ ಬಾ" ಎಂದರು. ಅವಳು ಒಲೆ ಆರಿಸಿ, ಕೈ ಒರೆಸಿಕೊಂಡು, ಸೆರಗು ಹೊದ್ದು ಬಂದಳು.

ಬ್ಯಾಟರಿ ರಿಕ್ಷಾ ಶಿವಾಲದ ರಸ್ತೆಗೆ ಬಂದು, ಅಸ್ಸಿ ದಾಟಿ, ಲಂಕಾ ಪೇಟೆಯ ಗದ್ದಲದಲ್ಲಿ ನುಗ್ಗಿ ಸಾಮನೇ ಘಾಟಿನ ಸೇತುವೆಗೆ ಹತ್ತಿತು. ಒಂಬತ್ತು ವರ್ಷದಲ್ಲಿ ಅವರು ಈ ಸೇತುವೆಯನ್ನು ದೂರದಿಂದ ಮಾತ್ರ ನೋಡಿದ್ದರು. ಕೆಳಗೆ ಕೆಂಪು ನೀರು ದಡ ಮುಚ್ಚಿ ಹರಿಯುತ್ತಿತ್ತು. ಎಲ್ಲೆ ಎಲ್ಲಿದೆ ಎಂದು ಅವರು ಕಣ್ಣಿಟ್ಟು ಹುಡುಕಿದರು. ಕಂಬದ ಮೇಲೆ ಕಂಬ ದಾಟಿತು, ಎಲ್ಲ ಒಂದೇ ಬಗೆಯ ಕಂಬ. ಎಳನೀರಿನ ಗಾಡಿಯೊಂದು ಎದುರು ಬಂತು. ಎಲ್ಲೆ ದಾಟಿದ್ದು ಯಾವಾಗ ಎಂದು ಅವರಿಗೆ ಗೊತ್ತೇ ಆಗಲಿಲ್ಲ.

ಸಸಿಗಳ ತೋಟದ ಅಂಗಳದಲ್ಲಿ ಗಗನಾ ಅವರನ್ನು ಕಂಡು ಕೈಯಲ್ಲಿದ್ದ ಕೊಂಬೆ ಬಿಟ್ಟು ಓಡಿ ಬಂದಳು. ಸಂದೀಪ ಭುಜಕ್ಕೆ ಅರಿಸಿನ ಬಳಿದುಕೊಂಡು ಟ್ರಾಲಿಗೆ ಒರಗಿದ್ದ.

"ಯಹೀ ಹೈಂ ಫೋನ್ ವಾಲೇ ಬಾಬಾ?" ಫೋನಿನಲ್ಲಿದ್ದ ಬಾಬಾ ಇವರೇನಾ ಎಂದು ಕೇಳಿ ಕಾಲು ಮುಟ್ಟಲು ಬಗ್ಗಿದ. ಅವರು ಅವನ ಕೈ ಹಿಡಿದು ಐದು ಬೆರಳನ್ನೂ ಒಂದೊಂದಾಗಿ ಮುಟ್ಟಿ ನೋಡಿದರು. ಜೋಯಿಸರೂ ಹೌದೇ ಎಂದು ಅವನಿಗೆ ನಗು ಬಂತು. "ಜ್ಯೋತಿಷಿ ಭೀ ಹೈಂ ಕಾ?"

ಲೋಕನಾಥಯ್ಯ ಯಂತ್ರದ ಸುತ್ತ ಬಂದರು. ಬಣ್ಣ ಹೊಸದು, ಗಾತ್ರ ಚಿಕ್ಕದು, ಉಳಿದಂತೆ ಹಳೆಯ ಪರಿಚಯದವರ ಮೊಮ್ಮಗುವಿನ ಹಾಗಿತ್ತು. ಸೊಂಡಿಲಿನ ಬಾಗು ಸರಿ. ರೆಕ್ಕೆಯ ಸಂದಿ ಸರಿ. ಬೆನ್ನಿನ ಕಡೆ ಯಂತ್ರ ಗೋಡೆಗೆ ಒತ್ತಿಕೊಂಡಿತ್ತು, ಒಬ್ಬ ಮನುಷ್ಯ ಅಡ್ಡವಾಗಿ ತೂರುವಷ್ಟು ಜಾಗ. ಅವರು ಪಂಚೆ ಎತ್ತಿಕಟ್ಟಿ ತೂರಿದರು. ಗಾಳಿಯ ತೂತುಗಳಿರಬೇಕಾದಲ್ಲಿ ಅಂಗೈ ಇಟ್ಟರೆ ತಣ್ಣನೆಯ ತಗಡು ತಗುಲಿತು. ಎಣ್ಣೆ ಡಬ್ಬದ ತಗಡನ್ನು ಬಿಡಿಸಿ, ನಾಲ್ಕು ಮೂಲೆಗೆ ತಿರುಪು ಹಾಕಿ, ಯಂತ್ರದ್ದೇ ಬಣ್ಣ ಬಳಿದಿದ್ದರು. ನೋಡಿದವರಿಗೆ ಯಂತ್ರದ ಜೊತೆಗೇ ಬಂದದ್ದು ಎನ್ನಿಸಬೇಕು.

"ಇದು ಯಾರು ಹಾಕಿದ್ದು?"

ಸಂದೀಪ ಇಣುಕಿದ. ಅವನ ಮುಖದಲ್ಲಿ ಹೆಮ್ಮೆಯೇ ಇತ್ತು. ಎರಡು ತಿಂಗಳ ಕೆಳಗೆ ಆ ತೂತುಗಳಿಂದ ಚಕ್ಕೆ ಸಿಡಿದು ಕಾಲಿಗೆ ಚುಚ್ಚುತ್ತಿತ್ತು, ಅದಕ್ಕೆ ತಾನೇ ಮುಚ್ಚಿದೆ ಎಂದು ಹಿಂದಿಯಲ್ಲಿ ವಿವರಿಸಿದ. ಗಗನಾ ಹಣೆ ಚಚ್ಚಿಕೊಂಡಳು. "ನಾನು ಗೋಡೆಯ ಕಡೆಗೆ ನೋಡೇ ಇಲ್ಲ ತಾತ!"

"ನಾನೂ ಕೇಳಲಿಲ್ಲ. ನಕ್ಷೆಯಲ್ಲಿ ತೂತು ಇತ್ತು, ಇದೆ ಅಂದುಕೊಂಡೆ." ಅವರು ಸಂದೀಪನ ಕಡೆ ತಿರುಗಿದರು. "ಇವನದ್ದೂ ತಪ್ಪಲ್ಲ. ಆಗ ಸಂದಿ ದೊಡ್ಡದಿತ್ತು, ಗಾಳಿ ಮೇಲೆ ಹೋಗದೆ ಇಲ್ಲಿಂದ ಹಿಂದಕ್ಕೆ ಉಗುಳ್ತಿತ್ತು, ಚಕ್ಕೆ ಸಿಡೀತು. ಈಗ ಸಂದಿ ಮುಚ್ಚಿದೆ. ಈಗ ಇಲ್ಲಿ ಉಗುಳೋದಿಲ್ಲ, ಒಳಗೆ ಎಳೆಯುತ್ತೆ. ತಗಡು ತೆಗಿ, ಜಾಲರಿ ಹಾಕು. ಯಂತ್ರವನ್ನ ಗೋಡೆಯಿಂದ ಎರಡು ಮೊಳ ಈಚೆಗೆ ಎಳೀರಿ."

ತಗಡು ತೆಗೆದು ಜಾಲರಿ ಹಾಕಿ, ಎಲ್ಲ ಸೇರಿ ಯಂತ್ರವನ್ನು ಎಳೆದರು. ಇಂಜಿನ್ ಚಾಲೂ ಆಯಿತು. ಸಂದೀಪ ಹೆದರುತ್ತಲೇ ತೂತಿನ ಹತ್ತಿರ ಒಂದು ಬೇವಿನೆಲೆ ಹಿಡಿದ. ಎಲೆ ಅವನ ಬೆರಳಿಂದ ಕಿತ್ತುಕೊಂಡು ಜಾಲರಿಗೆ ಅಂಟಿ ನಡುಗಿತು. "ಅರೇ!" ಎಂದ.

ಹಸಿ ಬೇವು ಹೋಯಿತು, ಎಲೆ, ಕಡ್ಡಿ, ತೊಗಟೆ ಸಮೇತ. ನಾಲ್ಕು ನಿಮಿಷ ಕಳೆಯಿತು. ಹತ್ತು ನಿಮಿಷ ಕಳೆಯಿತು. ಸೊಂಡಿಲಿನ ಬಾಯಿಂದ ಹಸಿರು ಬಿಳಿ ಬೆರೆತ ಚಕ್ಕೆ ಕಮಾನಿನ ಹಾಗೆ ಹಾರಿ ಟ್ರಾಲಿಗೆ ಬೀಳುತ್ತಿತ್ತು. ಅಂಗಳವೆಲ್ಲ ಬೇವಿನ ಕಹಿ ವಾಸನೆ. ಗಗನಾ ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದಳು. ಸಂದೀಪ ಬಿದಿರನ್ನು ಎತ್ತಿ ತಂದು, ತಿವಿಯಲಿಕ್ಕಲ್ಲ, ಅವರ ಕೈಗೆ ಕೊಟ್ಟ. "ಬಾಬಾ, ಆಪ್ ಕಾ ಡಂಡಾ. ಅಬ್ ಟೇಕ್ ಕೇ ಚಲಿಯೇ." ಊರಿಕೊಂಡು ನಡೆಯಿರಿ ಎಂದು.

ಗಗನಾ ನೀರು ಕುಡಿಯಲು ಕರೆದಳು. ಬೇಡವೆಂದರು. ಕೋಲೂರಿಕೊಂಡು ಶ್ರೀರಮಕ್ಕನ ಹತ್ತಿರ ಬಂದರು.

"ಎಲ್ಲಿ?" ಎಂದರು.

ಅದು ಐದು ನಿಮಿಷದ ದಾರಿ. ಮಹಡಿಯಿಲ್ಲದ ಸಣ್ಣ ಆಸ್ಪತ್ರೆ, ಮುಂದೆ ಸಿಮೆಂಟಿನ ಬೆಂಚು. ಶ್ರೀರಮಕ್ಕ ಎಡಗಡೆಯ ಮೂರನೆಯ ಕಿಟಕಿಯನ್ನು ತೋರಿಸಿದಳು. ಒಳಗೆ ಬೇರೆ ಯಾರೋ ಮಲಗಿದ್ದರು, ಒಬ್ಬ ಹೆಂಗಸು ಅವರಿಗೆ ಗಾಳಿ ಬೀಸುತ್ತಿದ್ದಳು. ಲೋಕನಾಥಯ್ಯ ಬೆಂಚಿನ ಮೇಲೆ ಕುಳಿತರು. ಶ್ರೀರಮಕ್ಕ ಅವರ ಬಲಗಡೆ ಕುಳಿತಳು.

"ಹೇಳು" ಎಂದರು.

"ಬಂದ ಮೇಲೆ ಒಂದು ಗಂಟೆ ಇದ್ದಳು. ಡಾಕ್ಟರು ಒಳ್ಳೆಯವರು, ಏನು ಮಾಡಬೇಕೋ ಮಾಡಿದರು. ನೋವು ಕಮ್ಮಿಯಾಯ್ತು ಅಂದಳು. ಶನಿವಾರ ಮರೆಯದೆ ನಿಮ್ಮ ಕಿವಿಗೆ ಎಣ್ಣೆ ಬಿಡೋಕೆ ಹೇಳು ಅಂದಳು. ಅವರಿಗೆ ನೆನಪಿರೋದಿಲ್ಲ ಅಂತ." ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಆಮೇಲೆ, ಕಿಟಕಿಯಿಂದ ಗಂಗೆ ಕಾಣುತ್ತಾ, ಆಚೆ ಮೆಟ್ಟಿಲು ಕಾಣುತ್ತಾ ನೋಡು ಅಂದಳು. ಎದ್ದು ನೋಡಿದೆ. ಈ ರಸ್ತೆ, ಆ ಸೈಕಲ್ ಅಂಗಡಿ. ಕಾಣುತ್ತೆ ಅಂದೆ. ಅವರು ನಿಂತಿದಾರಾ ಅಂದಳು. ನಿಂತಿದಾರೆ ಅಂದೆ. ಆಮೇಲೆ ಮಾತಾಡಲಿಲ್ಲ. ಸಾಯೋವಳಿಗೆ ಸುಳ್ಳು ಹೇಳಿದೆ ಅಂತ ಆವತ್ತಿಂದ ರಾತ್ರಿ ಊಟ ಬಿಟ್ಟಿದೀನಿ. ನಿಮಗೆ ಹೇಳೋಕೆ ಧೈರ್ಯ ಬರಲಿಲ್ಲ."

"ನಿಂತಿದ್ದೆನಲ್ಲ" ಎಂದರು ಲೋಕನಾಥಯ್ಯ. "ಅದೊಂದು ಸುಳ್ಳಲ್ಲ. ಇವತ್ತು ರಾತ್ರಿ ಊಟ ಮಾಡು."

ಅವರು ಎದ್ದು ಕಿಟಕಿಯ ಹತ್ತಿರ ಹೋಗಿ, ಅದಕ್ಕೆ ಬೆನ್ನು ಹಾಕಿ ನಿಂತು, ಒಳಗಿನಿಂದ ಕಾಣುವುದನ್ನೇ ನೋಡಿದರು. ರಸ್ತೆ, ಸೈಕಲ್ ಅಂಗಡಿ, ಅದರ ಮೇಲೆ ಒಣಹಾಕಿದ ಚಾದರ. ಗಂಗೆ ಕಾಣಲಿಲ್ಲ. ಕತ್ತು ಎಷ್ಟು ಚಾಚಿದರೂ ಕಾಣಲಿಲ್ಲ. ಆ ಗೋಡೆಗೆ ಕೈ ಊರಿ, ಯಾರಿಗೂ ಕೇಳದಷ್ಟು ಮೆಲ್ಲಗೆ, ಕಿವಿಯಲ್ಲಿ ಹೇಳುವ ಹಾಗೆ ರಾಮ ರಾಮ ಎಂದರು. ವಿಶ್ವನಾಥನಲ್ಲದವನು ಹೇಳಿದರೆ, ಆರು ತಿಂಗಳು ಕಳೆದ ಮೇಲೆ ಹೇಳಿದರೆ ಅದು ತಲುಪುತ್ತದೆಯೇ ಎಂದು ಅವರಿಗೆ ಗೊತ್ತಿರಲಿಲ್ಲ. ಒಳಗಿದ್ದ ಹೆಂಗಸು ಬೀಸಣಿಗೆ ನಿಲ್ಲಿಸಿ ಅವರನ್ನು ನೋಡಿದಳು, ಮತ್ತೆ ಬೀಸತೊಡಗಿದಳು.

ಸಂಜೆಗೆ ಮುಂಚೆ ಅವರು ಈಚೆ ದಡಕ್ಕೆ ಬಂದರು. ಆಚಾರ್ಯರು ದರ್ಭೆ, ಅಕ್ಷತೆ ಸಿದ್ಧಮಾಡಿಕೊಂಡು ಘಾಟಿನಲ್ಲಿ ಕಾಯುತ್ತಿದ್ದರು. ಲೋಕನಾಥಯ್ಯ ನೆರೆಯ ನೀರಿನಲ್ಲಿ ಮೂರು ಸಲ ಮುಳುಗಿ ಎದ್ದರು.

"ಪ್ರಾಯಶ್ಚಿತ್ತ ಮಾಡಿಸಿ" ಎಂದರು. "ಸಂಕಲ್ಪ ಬೇಡ."

"ಬೇಡ ಅಂದರೆ?"

"ಇಲ್ಲೇ ಇರ್ತೀನಿ. ಇಲ್ಲೇ ಸಾಯೋಣ ಅಂತಲೇ ಆಸೆ. ಆದರೆ ತಿಂಗಳಿಗೊಂದು ಸಲ ಅಲ್ಲಿ ಹೋಗಿ ಕೂರಬೇಕು. ಅಲ್ಲಿ ಅವಳು ಒಬ್ಬಳೇ ಇದ್ದಳು."

ಆಚಾರ್ಯರು ಅಕ್ಷತೆಯನ್ನು ಪಕ್ಕಕ್ಕಿಟ್ಟರು. ದರ್ಭೆಯನ್ನು ಅವರ ಬೆರಳಿಗೆ ಸುತ್ತಿ ಮಂತ್ರ ಶುರುಮಾಡಿದರು.

ಬುಧವಾರದ ಪರೀಕ್ಷೆ ಚೆನ್ನಾಗಿ ಆಯಿತೆಂದು ಗಗನಾ ಫೋನು ಮಾಡಿದಳು. ಭಾನುವಾರ ಬರುತ್ತೇನೆ ಎಂದಳು. ಶನಿವಾರ ದೀಪ ಹಚ್ಚುವ ಹೊತ್ತಿಗೆ ಶ್ರೀರಮಕ್ಕ ಒಂದು ಬಟ್ಟಲಲ್ಲಿ ಬೆಚ್ಚಗೆ ಮಾಡಿದ ಎಳ್ಳೆಣ್ಣೆ, ಒಂದು ಚೂರು ಹತ್ತಿ ತಂದು ಅವರ ಹೊಸ್ತಿಲಲ್ಲಿಟ್ಟು ಹೋದಳು.

ಲೋಕನಾಥಯ್ಯ ಚಾಪೆ ಹಾಸಿ ಬಲಗಿವಿ ಕೆಳಗಾಗುವಂತೆ ಮಲಗಿದರು. ತಾವೇ ಎಣ್ಣೆ ಬಿಟ್ಟುಕೊಂಡು ಅಭ್ಯಾಸವಿರಲಿಲ್ಲ. ಅರ್ಧ ಎಣ್ಣೆ ಕುತ್ತಿಗೆಗೆ ಹರಿಯಿತು, ಅರ್ಧ ಕಿವಿಗಿಳಿಯಿತು. ಹತ್ತಿ ಇಟ್ಟುಕೊಂಡರು. ಬಲಗಿವಿ ದಿಂಬಿಗೆ ಒತ್ತಿತ್ತು, ಎಡಗಿವಿ ಮೊದಲೇ ಮುಚ್ಚಿತ್ತು. ಆರತಿಯ ಗಂಟೆ, ದೋಣಿಯವರ ಕೂಗು, ಗಲ್ಲಿಯ ಗದ್ದಲ, ಕಾಶಿಯ ಸದ್ದೆಲ್ಲ ನಿಂತುಹೋಯಿತು. ಎಣ್ಣೆ ಬಿಟ್ಟ ಮೇಲೆ ನೂರು ಎಣಿಸುವ ತನಕ ಏಳಬಾರದೆಂದು ಕಾಮಾಕ್ಷಮ್ಮ ಹೇಳುತ್ತಿದ್ದಳು. ಅವರು ಎಣಿಸತೊಡಗಿದರು. ನೂರಾದ ಮೇಲೂ ಏಳಲಿಲ್ಲ, ಮತ್ತೆ ಒಂದರಿಂದ ಎಣಿಸಿದರು.